ಸಿಗರೇಟು ಪೊಟ್ಟಣದೊಳಗಿನ ಚಿತ್ರಶಾಲೆ

ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಚಿತ್ರ. ಕೆಂಪು ಹಿನ್ನೆಲೆಯ ಮೇಲೆ ಒಬ್ಬ ಯುವಕನ ಮುಖ. ಅರಸುಮಕ್ಕಳ ಭಾವಚಿತ್ರಕ್ಕೆ ಒಪ್ಪುವ ಗಾಂಭೀರ್ಯ ಅದರಲ್ಲುಂಟು. ಆದರೆ ಈತ ಅರಸನಲ್ಲ, ಅಮೆರಿಕದ ಬೇಸ್‌ಬಾಲ್ ಆಟಗಾರ ಟೈ ಕಾಬ್. ಚಿತ್ರವನ್ನು ಅಚ್ಚು ಹಾಕಿಸಿದವರೂ ಕಲಾರಸಿಕರಲ್ಲ, ತಂಬಾಕಿನ ವ್ಯಾಪಾರಿಗಳು.

ಮೆತ್ತನೆಯ ಪೊಟ್ಟಣದಲ್ಲಿ ಸಿಗರೇಟು ಮುರಿಯದಿರಲೆಂದು ಹಿಂದೆ ರಟ್ಟಿನ ತುಂಡೊಂದನ್ನು ಇಡುತ್ತಿದ್ದರು. ಅದರ ಮೇಲೆ ಚಿತ್ರವಿದ್ದರೆ ಗಿರಾಕಿ ಮತ್ತೆ ಮತ್ತೆ ಬಂದಾನೆಂಬ ಉಪಾಯ ವ್ಯಾಪಾರಿಗಳಿಗೆ ಹೊಳೆಯಿತು. 1886ರಿಂದ 'ಓಲ್ಡ್ ಜಡ್ಜ್' ಸಿಗರೇಟಿನೊಡನೆ ಆಟಗಾರರ ಛಾಯಾಚಿತ್ರಗಳು ಬರತೊಡಗಿದವು. ಹಾರುವ ಚೆಂಡನ್ನು ಹಿಡಿಯುವ ಶಕ್ತಿ ಅಂದಿನ ಕ್ಯಾಮರಾಕ್ಕೆ ಇರಲಿಲ್ಲ. ಆದ್ದರಿಂದ ಸ್ಟುಡಿಯೋದಲ್ಲಿ ಚೆಂಡನ್ನು ದಾರದಲ್ಲಿ ತೂಗುಬಿಡುವರು. ಆಟಗಾರ ಅದನ್ನು ಹಿಡಿಯುವಂತೆ ಅಭಿನಯಿಸುವನು. ಕೆಲವು ಚಿತ್ರಗಳಲ್ಲಿ ಆ ದಾರವನ್ನು ಇಂದಿಗೂ ಕಾಣಬಹುದು!

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಹೊರತಂದ 'ಟಿ-206' ಮಾಲೆಯಲ್ಲಿ ಈ ಕಲೆ ಪಕ್ವವಾಯಿತು. ಛಾಯಾಚಿತ್ರಗಳನ್ನು ಆಧರಿಸಿ, ಕಲ್ಲಚ್ಚಿನಲ್ಲಿ ಬಣ್ಣದ ಮೇಲೆ ಬಣ್ಣವೊತ್ತಿ ತೆಗೆದ ಐನೂರಕ್ಕೂ ಮಿಕ್ಕ ಚಿತ್ರಗಳು ಅದರಲ್ಲಿವೆ. ಎಷ್ಟೋ ಚಿತ್ರಗಳಲ್ಲಿ ಮೈದಾನವೂ ಇಲ್ಲ, ಜನಸಂದಣಿಯೂ ಇಲ್ಲ. ಅಚ್ಚಬಣ್ಣದ ಹಿನ್ನೆಲೆಯ ಮುಂದೆ ಆಟಗಾರನೊಬ್ಬನೇ. ಬೆವರು ಸುರಿಸಿ ದುಡಿಯುವವನನ್ನು ಈ ಏಕಾಂತವೇ ವೀರನನ್ನಾಗಿಸಿತು. ಆದರೆ ಆ ವೀರರ ಸಾಲಿನಲ್ಲಿ ಕಪ್ಪು ಜನಾಂಗದವನು ಒಬ್ಬನೂ ಇಲ್ಲ. 1947ರಲ್ಲಿ ಜಾಕಿ ರಾಬಿನ್ಸನ್ ಕಾಲಿಡುವವರೆಗೆ ಇಪ್ಪತ್ತನೆಯ ಶತಮಾನದ ದೊಡ್ಡ ಲೀಗುಗಳು ಅವರಿಗೆ ಬಾಗಿಲು ತೆರೆದಿರಲಿಲ್ಲ.

ಈ ಮಾಲೆಯ ಅತಿ ವಿರಳ ಚಿತ್ರಗಳಲ್ಲೊಂದು ಪಿಟ್ಸ್‌ಬರ್ಗ್ ತಂಡದ ಹೋನಸ್ ವ್ಯಾಗ್ನರ್ ಅವರದು. ತಮ್ಮ ಚಿತ್ರದ ಬಳಕೆಗೆ ಅವರು ಸಮ್ಮತಿಸಲಿಲ್ಲ. ಮುದ್ರಣ ಬೇಗನೆ ನಿಂತಿತು. ಚಿತ್ರದಾಸೆಗೆ ಮಕ್ಕಳು ತಂಬಾಕು ಕೊಳ್ಳುವುದು ಅವರಿಗೆ ಹಿಡಿಸಲಿಲ್ಲವೆಂಬ ಮಾತು ಪ್ರಚಲಿತವಾಗಿದೆ. ಹಣದ ವಿಷಯವೇ ಕಾರಣವೆನ್ನುವವರೂ ಉಂಟು. ಅಂತಹ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಬೆಲೆಯನ್ನು ಲೆಕ್ಕಿಸದೆ ಇವುಗಳನ್ನು ಪ್ರೀತಿಸಿದವರು ಜೆಫರ್ಸನ್ ಬರ್ಡಿಕ್. 'ಟಿ-206' ಎಂಬ ಹೆಸರು ಬಂದುದು ಅವರ ಸೂಚಿಯಿಂದಲೇ. ಮೂರು ಲಕ್ಷಕ್ಕೂ ಹೆಚ್ಚು ಮುದ್ರಿತ ಚಿತ್ರಗಳನ್ನು ಅವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಿತ್ತರು. ಸಂಧಿವಾತದಿಂದ ಬಳಲುತ್ತಿದ್ದ ಬೆರಳುಗಳಿಂದಲೇ ವರ್ಷಗಟ್ಟಲೆ ಅವನ್ನು ಆಲ್ಬಮ್ಮುಗಳಲ್ಲಿ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿನಲ್ಲಿ ಅವರು ತೀರಿಕೊಂಡರು. ಸೇದಿ ಎಸೆಯುವ ವಸ್ತುವಿನೊಡನೆ ಬಂದ ಆ ರಟ್ಟಿನ ತುಂಡುಗಳು ಇಂದು ಮಹಾಕಲಾವಿದರ ಕೃತಿಗಳಿರುವ ಮನೆಯಲ್ಲಿಯೇ ಸುರಕ್ಷಿತವಾಗಿವೆ.