ಮೈಸೂರಿನ ಹೆಸರು ಹೊತ್ತ ಪಿಯಾನೊ

ರಷ್ಯನ್ ಸಂಗೀತ ಸಂಯೋಜಕ ನಿಕೊಲಾಯ್ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಯಾರಿಗೆ ಅರ್ಪಿಸಿದ್ದಾರೆ, ಗೊತ್ತೇ? ಮೈಸೂರಿನ ಮಹಾರಾಜರಿಗೆ! ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ಕಂಡವರು ಅವರು. ತಮ್ಮ ಎರಡನೆಯ ಕನ್ಸರ್ಟೊವನ್ನು ಸಂಯೋಜಕ ಗೆಳೆಯ ರಖ್ಮನಿನಾಫ್‌ಗೆ ಕೊಟ್ಟವರು, ಮೂರನೆಯದನ್ನು ನಮ್ಮ ಊರಿನ ಅರಸರಿಗೆ ಕೊಟ್ಟರು! ಇಷ್ಟು ಗೊತ್ತಾದ ಮೇಲೆ ಕೇಳದೆ ಇರುವುದು ಹೇಗೆ? ಹುಡುಕಿ ಕೇಳಿದೆ, ಇನ್ನೂ ಕೇಳುತ್ತಲೇ ಇದ್ದೇನೆ.

ಮೊದಲು ಸಿಕ್ಕಿದ್ದು ‘ಸೊನಾಟಾ ರೆಮಿನಿಸೆನ್ಜಾ’. ರಷ್ಯಾ ಬಿಡುವುದಕ್ಕೆ ಸ್ವಲ್ಪ ಮುಂಚೆ ಬರೆದದ್ದು, ಹೆಚ್ಚುಕಡಿಮೆ ಕಾಲು ಗಂಟೆಯ ಕೃತಿ. ಶುರುವಾಗುವುದು ಮೆಲ್ಲನೆ ಏರಿಳಿಯುವ ಸ್ವರಗಳ ಒಂದು ಸರಳ ಸಾಲಿನಿಂದ. ಅದರಲ್ಲಿ ಅಳುವಿಲ್ಲ, ಮೊರೆಯಿಲ್ಲ, ಯಾರನ್ನೂ ಒಲಿಸಿಕೊಳ್ಳುವ ಆಸೆಯೂ ಇಲ್ಲ. ಆಮೇಲೆ ಸಂಗೀತ ಕಾವೇರುತ್ತದೆ, ಕಳವಳಗೊಳ್ಳುತ್ತದೆ, ಬಿರುಸಾಗುತ್ತದೆ. ಆ ಬಿರುಸೆಲ್ಲ ಇಳಿದ ಮೇಲೆ, ಅಯ್ಯೋ, ಮತ್ತೆ ಅದೇ ಸಾಲು! ಈಗ ಗಂಟಲು ಕಟ್ಟುತ್ತದೆ. ನಡುವೆ ಕೇಳಿದ್ದೆಲ್ಲ ಆ ನಾಲ್ಕಾರು ಸ್ವರಗಳೊಳಗೆ ಬಂದು ಕೂತುಬಿಟ್ಟಿದೆ. ಚರಣ ಮುಗಿದು ಮರಳುವ ಪಲ್ಲವಿ ಗೊತ್ತಿರುವವರಿಗೆ ಈ ಅನುಭವ ಹೊಸತೇನಲ್ಲ. ಆದರೆ ಒಂದೇ ಒಂದು ಮಾತಿಲ್ಲದೆ, ಸಾಹಿತ್ಯದ ಆಸರೆಯೇ ಇಲ್ಲದೆ ಇಷ್ಟು ಆಗುವುದೇ?

ಗಮಕದಲ್ಲಿ ಬೆಳೆದ ಕಿವಿಗಂತೂ ಇದು ಇನ್ನೂ ದೊಡ್ಡ ಬೆರಗು. ಪಿಯಾನೊದಲ್ಲಿ ಗಮಕವೇ ಸಾಧ್ಯವಿಲ್ಲ! ಕೀ ಒತ್ತಿದರೆ ಒಳಗೆ ಉಣ್ಣೆ ಹೊದಿಸಿದ ಪುಟ್ಟ ಸುತ್ತಿಗೆ ತಂತಿಗೆ ಬಡಿದು ತಕ್ಷಣ ಹಿಂದೆ ಬೀಳುತ್ತದೆ, ಅಷ್ಟೇ. ವೈಣಿಕರು ತಂತಿ ಎಳೆದು ಸ್ವರವನ್ನು ಜಾರಿಸುವಂತೆ ಇಲ್ಲಿ ಏನೂ ಮಾಡಲಾಗದು. ಹುಟ್ಟಿದ ಗಳಿಗೆಯಿಂದಲೇ ಸ್ವರ ಆರತೊಡಗುತ್ತದೆ. ಹಾಗಾದರೆ ಈ ಕರುಳು ಹಿಂಡುವ ಶಕ್ತಿ ಬಂದದ್ದು ಎಲ್ಲಿಂದ? ಒಂದು ಸ್ವರ ಆರುವ ಮುನ್ನ ಎಷ್ಟು ಮೆಲುವಾಗಿ ಮುಂದಿನದನ್ನು ಮುಟ್ಟಬೇಕೆಂದು ಬೆರಳಿಗೆ ಗೊತ್ತಿದ್ದರೆ, ಎರಡೂ ಒಂದೇ ಉಸಿರಿನಂತೆ ಕೇಳುತ್ತವೆ. ಬಲಗಾಲಿನ ಪೆಡಲ್ ಒತ್ತಿದೊಡನೆ ತಂತಿಗಳನ್ನು ಅದುಮಿದ್ದ ಡ್ಯಾಂಪರುಗಳೆಲ್ಲ ಮೇಲೇಳುತ್ತವೆ, ಬಡಿಸಿಕೊಳ್ಳದ ತಂತಿಗಳೂ ತಾವಾಗಿ ಮಿಡಿಯುತ್ತವೆ! ಎಲ್ಲಕ್ಕಿಂತ ಮಿಗಿಲಾದದ್ದು ಎಡಗೈ. ಮೇಲೆ ಅದೇ ಸ್ವರ ನಿಂತಿರುವಾಗ ಕೆಳಗಿನ ಸ್ವರಗಳು ಬದಲಾಗುತ್ತವೆ, ನೆಮ್ಮದಿಯಾಗಿದ್ದದ್ದು ಕ್ಷಣದಲ್ಲಿ ಸಂಕಟವಾಗುತ್ತದೆ. ಹತ್ತು ಬೆರಳಿನ ಈ ಹಾರ್ಮನಿ ನನ್ನ ಪಾಲಿಗೆ ಮನುಷ್ಯ ಕಂಡುಕೊಂಡ ಅತಿ ದೊಡ್ಡ ಸೋಜಿಗಗಳಲ್ಲೊಂದು.

ಗಮಕ, ಹಾರ್ಮನಿ ಎರಡನ್ನೂ ಬಲ್ಲ ಒಬ್ಬರು ಮೈಸೂರಿನಲ್ಲಿದ್ದರು. ಅದೇ ಮಹಾರಾಜರು, ಜಯಚಾಮರಾಜೇಂದ್ರ ಒಡೆಯರ್! ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು, ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಹೃದಯದ ಕಾಯಿಲೆಯಿಂದ ಬಳಲುತ್ತ, ಲೋಕದ ಕಣ್ಣಿನಿಂದ ಮರೆಯಾಗುತ್ತಿದ್ದ ಮೆಟ್ನರ್ ಅವರ ಸಂಗೀತ ಉಳಿಯಲೇಬೇಕೆಂದು ಒಡೆಯರ್ ಅವರಿಗೆ ಅನ್ನಿಸಿತು. ಮೆಟ್ನರ್ ಸೊಸೈಟಿ ಹುಟ್ಟಿತು, ಹಣ ಮೈಸೂರಿನಿಂದ ಹೋಯಿತು, ಎಚ್‌ಎಂವಿ ಕಂಪನಿ ಧ್ವನಿಮುದ್ರಿಸಿತು. 1947ರಲ್ಲಿ, ಅದೇ ನಮ್ಮ ಸ್ವಾತಂತ್ರ್ಯದ ವರ್ಷದಲ್ಲಿ, ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ಮೆಟ್ನರ್ ತಮ್ಮ ಮೂರೂ ಕನ್ಸರ್ಟೊಗಳನ್ನು ತಾವೇ ನುಡಿಸಿದರು! 1951ರಲ್ಲಿ ತೀರಿಕೊಂಡರು. ಇನ್ನು ಕೆಲವೇ ವರ್ಷ ತಡವಾಗಿದ್ದರೆ ಆ ಕೈಗಳ ನುಡಿಸಾಣಿಕೆ ನಮಗೆ ದಕ್ಕುತ್ತಲೇ ಇರಲಿಲ್ಲ.

ಆ ಧ್ವನಿಮುದ್ರಣಗಳು ಇಂದಿಗೂ ಕೇಳಸಿಗುತ್ತವೆ. ಪಿಯಾನೊ ವಾದಕ ಎಮಿಲ್ ಗಿಲೆಲ್ಸ್ ನುಡಿಸಿರುವ ರೆಮಿನಿಸೆನ್ಜಾದಿಂದ ಶುರುಮಾಡಿ, ಆಮೇಲೆ ಮೆಟ್ನರ್ ಕೈಯಲ್ಲೇ ಮೂರನೆಯ ಕನ್ಸರ್ಟೊ ಕೇಳಿ. ಪಾಶ್ಚಾತ್ಯ ಸಂಗೀತ ನಮಗೆ ತಿಳಿಯದು ಎಂದು ದಯವಿಟ್ಟು ಹಿಂಜರಿಯಬೇಡಿ. ಶುರುವಿಗೆ ಕಾಲು ಗಂಟೆ ಬಿಡುವು ಮಾಡಿಕೊಳ್ಳಿ, ಸಾಕು.