ಹೃದಯಜನ್ಯ ಆಘಾತ: ಶುಶ್ರೂಷೆ ಮತ್ತು ಮುನ್ನೆಚ್ಚರಿಕೆ

ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಪೂರೈಸಲಾರದೆ ಸೋಲುವ ಸ್ಥಿತಿಯೇ ಹೃದಯಜನ್ಯ ಆಘಾತ. ವೈದ್ಯರು ಇದನ್ನು ‘ಕಾರ್ಡಿಯೋಜೆನಿಕ್ ಶಾಕ್’ ಎನ್ನುತ್ತಾರೆ. ತೀವ್ರ ಹೃದಯಾಘಾತವೇ ಇದಕ್ಕೆ ಮುಖ್ಯ ಕಾರಣ. ಕೈಕಾಲು ತಣ್ಣಗಾಗಿ ಬೆವರುವುದು, ನಾಡಿ ಕ್ಷೀಣಿಸಿ ವೇಗವಾಗುವುದು, ಏದುಸಿರು, ಮನಸ್ಸಿನ ಗೊಂದಲ ಇದರ ಲಕ್ಷಣಗಳು. ಆಸ್ಪತ್ರೆಯಲ್ಲಿ ದಾದಿಯರು ರಕ್ತದೊತ್ತಡ, ನಾಡಿ, ಆಮ್ಲಜನಕದ ಮಟ್ಟಗಳನ್ನು ಸತತವಾಗಿ ಗಮನಿಸುತ್ತಾರೆ. ಮೂತ್ರವನ್ನು ಗಂಟೆಗೊಮ್ಮೆ ಅಳೆಯುತ್ತಾರೆ. ಅದು ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾದರೆ ಮೂತ್ರಪಿಂಡಗಳಿಗೆ ರಕ್ತ ಸಾಲುತ್ತಿಲ್ಲವೆಂಬ ಶಂಕೆ ಮೂಡುತ್ತದೆ.

ಎದೆನೋವನ್ನು ನಾವು ಹಲವು ವೇಳೆ ವಾಯುವೆಂದು ಬಗೆದು, ಸೋಡಾ ಕುಡಿದು ರಾತ್ರಿ ಕಳೆಯುತ್ತೇವೆ. ಆ ವಿಳಂಬದಲ್ಲಿಯೇ ಹೃದಯದ ಸ್ನಾಯು ನಶಿಸುತ್ತದೆ. ಆದುದರಿಂದ ರೋಗಿಯನ್ನು ನಡೆಸದೆ, ಕೂಡಲೇ 108ಕ್ಕೆ ಕರೆಮಾಡೋಣ. ತಂಬಾಕನ್ನು ತ್ಯಜಿಸೋಣ, ರಕ್ತದೊತ್ತಡ, ಮಧುಮೇಹಗಳ ಔಷಧವನ್ನು ತಪ್ಪದೆ ಸೇವಿಸೋಣ. ಕಾಯಕಕ್ಕೆ ಆಧಾರವಾದ ಈ ಕಾಯವನ್ನು ಕಾಪಾಡಿಕೊಳ್ಳುವುದೂ ನಮ್ಮ ಕರ್ತವ್ಯವೇ.