ಕೆಲಸ ಬಿಡದೆ ಓದುವ ದಾರಿ ದಾದಿಯರಿಗೂ ಬೇಕು

ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ನಿಡೋಣಿಯಂಥ ಊರಿನ ಹೆಣ್ಣುಮಗಳೊಬ್ಬಳು ನರ್ಸಿಂಗ್ ಡಿಪ್ಲೊಮಾದಿಂದ ಆರಂಭಿಸಿ ಸ್ನಾತಕೋತ್ತರ ಪದವಿ ತಲುಪಬೇಕಾದರೆ ಎಷ್ಟು ಕಾಲ ಓದಬೇಕು? ಜಿಎನ್‌ಎಂ ಡಿಪ್ಲೊಮಾಕ್ಕೆ 3 ವರ್ಷ, ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಗೆ 2 ವರ್ಷ, ಎಂ.ಎಸ್ಸಿ.ಗೆ ಮತ್ತೆ 2 ವರ್ಷ. ಒಟ್ಟು 7 ವರ್ಷ. ಇದರ ಜೊತೆಗೆ ಕನಿಷ್ಠ ಒಂದು ವರ್ಷದ ಸೇವಾನುಭವವೂ ಇರಬೇಕು.

ಮೊದಲ 3 ವರ್ಷಗಳನ್ನು ತಂದೆ-ತಾಯಿ ಹೇಗೋ ನಿಭಾಯಿಸುತ್ತಾರೆ. ತೊಡಕಿರುವುದು ಉಳಿದ ನಾಲ್ಕರಲ್ಲಿ. ಆ ಹೊತ್ತಿಗೆ ಆಕೆಯ ಸಂಬಳದ ಮೇಲೆ ಒಂದು ಸಂಸಾರ ನಿಂತಿರುತ್ತದೆ. ಗುತ್ತಿಗೆ ಆಧಾರದಲ್ಲಿಯೋ ಖಾಸಗಿ ಆಸ್ಪತ್ರೆಯಲ್ಲಿಯೋ ಇರುವವಳಿಗೆ ಓದಲು ಹೋಗುವುದೆಂದರೆ ನೌಕರಿಯನ್ನೇ ಬಿಡುವುದು. ಹೀಗಾಗಿ ಹತ್ತು ವರ್ಷ ವಾರ್ಡಿನಲ್ಲಿ ದುಡಿದವಳ ಅನುಭವ ಅವಳೊಂದಿಗೇ ಉಳಿದುಬಿಡುತ್ತದೆ.

ದುಡಿಯುವ ದಾದಿಯರಿಗೆ ಬಾಗಿಲು ತೆರೆಯುವ ಯತ್ನ ನಮ್ಮಲ್ಲಿ ನಡೆದೇ ಇಲ್ಲವೆಂದಲ್ಲ. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು. 1959ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣವೂ ಬಂತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1994ರಲ್ಲಿ ಸೇವೆಯಲ್ಲಿರುವ ನೋಂದಾಯಿತ ದಾದಿಯರಿಗಾಗಿಯೇ 3 ವರ್ಷಗಳ ಪೋಸ್ಟ್ ಬೇಸಿಕ್ ಪದವಿಯನ್ನು ರೂಪಿಸಿತು. ಕೆಲಸ ಮಾಡುತ್ತಲೇ ಪದವೀಧರೆಯಾಗುವುದು ಸಾಧ್ಯವಾಯಿತು. ಆದರೆ ಆ ದಾರಿ ಬಿ.ಎಸ್ಸಿ.ಗೆ ಮುಗಿಯಿತು. ಎಂ.ಎಸ್ಸಿ. ನರ್ಸಿಂಗ್‌ಗೆ ಕಾಲೇಜಿನಲ್ಲಿ ಪೂರ್ಣಾವಧಿ ಕೂರಲೇಬೇಕು.

ಅಮೆರಿಕದಲ್ಲಿ ಡಿಪ್ಲೊಮಾ ಅಥವಾ ಎರಡು ವರ್ಷಗಳ ಪದವಿ ಪಡೆದ ನೋಂದಾಯಿತ ದಾದಿಯರನ್ನು ನೇರವಾಗಿ ಸ್ನಾತಕೋತ್ತರ ಹಂತಕ್ಕೆ ಒಯ್ಯುವ ಸೇತುಬಂಧ ಕೋರ್ಸುಗಳು ಬಹುಕಾಲದಿಂದ ಇವೆ. ಅಲ್ಲಿ ಪುನರಾವರ್ತನೆಯಾಗುವ ಪಾಠಗಳನ್ನು ಕೈಬಿಡುತ್ತಾರೆಯೇ ಹೊರತು ರೋಗಿಯ ಬಳಿಯ ಕಲಿಕೆಯನ್ನಲ್ಲ. ತ್ವರಿತ ಶಿಕ್ಷಣದ ಸರಿಯಾದ ಅರ್ಥ ಇದೇ.

ಈ ತತ್ತ್ವವನ್ನು ನಾವೂ ಒಂದು ಮಟ್ಟಿಗೆ ಒಪ್ಪಿಕೊಂಡಿದ್ದೇವೆ. ತೀವ್ರ ನಿಗಾ ಚಿಕಿತ್ಸೆಗಾಗಿ ಭಾರತೀಯ ಶುಶ್ರೂಷಾ ಪರಿಷತ್ತು 2016ರ ಸುಮಾರಿಗೆ ರೂಪಿಸಿದ 'ನರ್ಸ್ ಪ್ರಾಕ್ಟೀಷನರ್' ಸ್ನಾತಕೋತ್ತರ ಕೋರ್ಸಿನಲ್ಲಿ ತರಗತಿಯ ಪಾಠಕ್ಕಿಂತ ಆಸ್ಪತ್ರೆಯ ಕೆಲಸಕ್ಕೇ ಹೆಚ್ಚಿನ ಪಾಲು. ವಾರ್ಡೇ ಅಲ್ಲಿ ತರಗತಿ. ಆದರೆ ಇದು ಸುಸಜ್ಜಿತ ತೀವ್ರ ನಿಗಾ ಘಟಕಗಳಿರುವ ದೊಡ್ಡ ಆಸ್ಪತ್ರೆಗಳಿಗೆ ಹೊಂದುವ ವ್ಯವಸ್ಥೆ. ತಾಲ್ಲೂಕು ಆಸ್ಪತ್ರೆಯ ದಾದಿ ಇದರ ಹೊರಗೇ ಉಳಿಯುತ್ತಾಳೆ.

ಉಳಿಯಬಾರದವಳೂ ಅವಳೇ. ತಿಕೋಟಾ, ಬಬಲೇಶ್ವರಗಳು ದ್ರಾಕ್ಷಿ ಬೆಳೆಯುವ ಸೀಮೆ. ಕೀಟನಾಶಕದ ವಿಷಬಾಧೆ, ಹಾವು ಕಡಿತ, ತೊಡಕಿನ ಹೆರಿಗೆ ಇವೆಲ್ಲ ಅಪರಾತ್ರಿಯಲ್ಲಿ ಬಾಗಿಲು ತಟ್ಟುವಾಗ ಮೊದಲು ರೋಗಿಯನ್ನು ನೋಡುವವಳು ದಾದಿ. ವಿಜಯಪುರಕ್ಕೋ ಮಿರಜಕ್ಕೋ ಸೊಲ್ಲಾಪುರಕ್ಕೋ ಕಳಿಸುವ ಮುನ್ನಿನ ಒಂದು ತಾಸಿನಲ್ಲಿ ಏನು ನಡೆಯುತ್ತದೆಂಬುದರ ಮೇಲೆ ಜೀವ ನಿಂತಿರುತ್ತದೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದಾಗ, ದಾದಿಗೆ 6 ತಿಂಗಳ ಹೆಚ್ಚುವರಿ ತರಬೇತಿ ಕೊಟ್ಟು ಸಮುದಾಯ ಆರೋಗ್ಯ ಅಧಿಕಾರಿಯಾಗಿ ಉಪಕೇಂದ್ರದ ಹೊಣೆಯನ್ನೇ ಒಪ್ಪಿಸಲಾಯಿತು. ಹೊಣೆ ಹೊರಿಸುವಾಗ ಲೆಕ್ಕಕ್ಕೆ ಬರುವ ಅವಳ ಅನುಭವ, ಪದವಿ ಕೊಡುವಾಗ ಮಾತ್ರ ಏಕೆ ಬರಬಾರದು?

ಅವಧಿ ತಗ್ಗಿಸಿದರೆ ಗುಣಮಟ್ಟ ಕುಸಿದೀತೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಹಣ ಪಡೆದು ಹಾಜರಿ ತುಂಬುವ ಕಾಲೇಜುಗಳ ಕೈಗೆ ಇಂಥ ಕೋರ್ಸು ಸಿಕ್ಕರೆ ಅದು ಪದವಿಯ ಅಂಗಡಿಯಾದೀತು. ಆದ್ದರಿಂದ ಕೇವಲ ಸೇವಾ ಪ್ರಮಾಣಪತ್ರ ನೋಡಿ ವಿನಾಯಿತಿ ಕೊಡಕೂಡದು. ಹೊರಗಿನ ಪರೀಕ್ಷಕರು ರೋಗಿಯ ಬಳಿಯೇ ಕೌಶಲ ಪರೀಕ್ಷಿಸಿ, ಬಂದಷ್ಟಕ್ಕೆ ಮಾತ್ರ ಅಂಕ ನೀಡಬೇಕು. ಪಾಠ ವಾರಾಂತ್ಯದಲ್ಲಿ ನಡೆಯಲಿ; ಪ್ರಾಯೋಗಿಕ ಕಲಿಕೆ ಜಿಲ್ಲಾಸ್ಪತ್ರೆಯಲ್ಲೇ ಸಾಗಲಿ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆಯೂ ಇದೆ, ಬಿ.ಎಲ್.ಡಿ.ಇ. ಸಂಸ್ಥೆಯ ನರ್ಸಿಂಗ್ ಕಾಲೇಜೂ ಇದೆ. ಇವುಗಳನ್ನು ಜೋಡಿಸುವ ಸಂಕಲ್ಪ ಬೇಕು.

ಇನ್ನೊಂದು ಮಾತು. ಎಂ.ಎಸ್ಸಿ. ಪಡೆದ ದಾದಿ ಇಂದು ಹೆಚ್ಚಾಗಿ ಕಾಲೇಜಿನ ಬೋಧಕಿಯಾಗುತ್ತಾಳೆ. ವಾರ್ಡಿನಲ್ಲಿ ಆ ಓದಿಗೆ ತಕ್ಕ ಹುದ್ದೆಗಳು ವಿರಳ. ತಾಲ್ಲೂಕು ಮಟ್ಟದಲ್ಲಿ ತಜ್ಞ ದಾದಿಯ ಹುದ್ದೆ, ಅದಕ್ಕೊಪ್ಪುವ ವೇತನ ಇಲ್ಲದಿದ್ದರೆ ತ್ವರಿತ ಪದವಿಯು ಹಳ್ಳಿಯಿಂದ ತ್ವರಿತವಾಗಿ ಹೊರಡುವ ದಾರಿಯಾಗುತ್ತದೆ. ಓದಿನ ಅವಧಿಯ ವೇತನವನ್ನು ಸರ್ಕಾರ ಭರಿಸಲಿ. ಪ್ರತಿಯಾಗಿ ಕೆಲವು ವರ್ಷಗಳ ಗ್ರಾಮೀಣ ಸೇವೆಯನ್ನು ಕೇಳಲಿ.

1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಬದಲಿಗೆ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಗೆ ಸಂಸತ್ತು 2023ರಲ್ಲಿ ಒಪ್ಪಿಗೆ ನೀಡಿದೆ. ಪಠ್ಯಕ್ರಮವನ್ನು ಹೊಸದಾಗಿ ಯೋಚಿಸಲು ಇದು ತಕ್ಕ ಸಮಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ರಾಜ್ಯ ಸರ್ಕಾರ ಒಂದು ಪ್ರಾಯೋಗಿಕ ಕೋರ್ಸಿನ ಪ್ರಸ್ತಾವವನ್ನು ಮುಂದಿಡಲಿ. ಅದು ಬೆಂಗಳೂರಿನಲ್ಲಲ್ಲ, ವಿಜಯಪುರದಂಥ ಜಿಲ್ಲೆಯಲ್ಲಿ ಆರಂಭವಾಗಲಿ.